ಕೌದಿಯ ಹೊಟ್ಟೆಗೊಂದು ರೊಟ್ಟಿಚೂರು

ನಾನು ಒಂದು ಸೆಣಬಿನ ಚೀಲ. ಗಿರಣಿಯಲ್ಲಿ ಹುಟ್ಟಿದಾಗ ಅಕ್ಕಿಯನ್ನೋ ಜೋಳವನ್ನೋ ಹೊರುವ ಆಸೆಯಿತ್ತು. ಹಣೆಬರಹ ನೋಡಿ, ನನ್ನೊಳಗೆ ತುಂಬಿದ್ದು ಕಲ್ನಾರು! ಹತ್ತಿಯಷ್ಟು ಮೆತ್ತಗಿನ ಕಲ್ಲು ಅದು; ಮನೆಗಳಿಗೆ ಹೊದಿಸುವ ಸಿಮೆಂಟ್ ಶೀಟಿಗೆ ಬೆರೆಸುತ್ತಾರೆ. ನನ್ನ ಎದೆಯ ಮೇಲೆ ಶೀಟು ಕಾರ್ಖಾನೆಯ ಹೆಸರನ್ನು ಕಪ್ಪು ಮಸಿಯಲ್ಲಿ ಒತ್ತಿದರು.

ಹಾವೇರಿ ಸೀಮೆಯ ಆ ಕಾರ್ಖಾನೆಯಲ್ಲಿ ಫಕೀರಪ್ಪ ನನ್ನನ್ನು ಬರಿಗೈಯಲ್ಲೇ ಬಿಚ್ಚಿ ಸುರುವಿದ. ಆಯುಧಪೂಜೆಯ ದಿನ ಸಾಹೇಬರು ಕೆಲಸಗಾರರಿಗೆ ಪೇಡೆಯ ಜೊತೆ ಖಾಲಿ ಚೀಲಗಳನ್ನೂ ಹಂಚಿದರು. ಹಂಚುವಾಗ ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದರು. ಸಾಹೇಬರು ಬಲು ನಾಜೂಕು ಎಂದು ಫಕೀರಪ್ಪ ಮನೆಗೆ ಬಂದು ಹೆಂಡತಿ ದ್ಯಾಮವ್ವನಿಗೆ ಹೇಳಿ ನಕ್ಕ.

ದ್ಯಾಮವ್ವ ನನ್ನನ್ನು ಗೋಡೆಗೆ ಬಡಿದು ಬಡಿದು ಝಾಡಿಸಿದಳು. ಬಿಳಿ ಧೂಳು ಅವಳ ಮುಖಕ್ಕೆಲ್ಲ ಮೆತ್ತಿತು. ಆಮೇಲೆ ನನ್ನ ಮೇಲೆ ಕೆಳಗೆ ಹಳೆ ಸೀರೆ ಹಾಸಿ ಕೌದಿ ಹೊಲಿದಳು. ಕೊನೆಯ ಹೊಲಿಗೆಗೆ ಮೊದಲು ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟಳು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡಬಾರದು ಎನ್ನುವುದು ಆ ಕಡೆಯ ಹೆಂಗಸರ ಪದ್ಧತಿ. ಕಲ್ಲು ಹೊತ್ತ ಹೊಟ್ಟೆಗೆ ಯಾರು ಊಟ ಹಾಕುತ್ತಾರೆ ಹೇಳಿ? ಆ ಉಪಕಾರವನ್ನು ನಾನು ಮರೆತಿಲ್ಲ.

ಇಪ್ಪತ್ತೆರಡು ಚಳಿಗಾಲ ಆ ಗಂಡ ಹೆಂಡಿರನ್ನು ಬೆಚ್ಚಗಿಟ್ಟೆ. ಆಮೇಲೆ ದ್ಯಾಮವ್ವನಿಗೆ ಏದುಸಿರು ಶುರುವಾಯಿತು. ನಾಲ್ಕು ಹೆಜ್ಜೆ ನಡೆದರೆ ಕುಳಿತುಬಿಡುವಳು. ಎದೆಯಲ್ಲಿ ಕಲ್ನಾರಿನ ಧೂಳು ಕೂತಿದೆ ಎಂದರು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ. ಚಿಕಿತ್ಸೆ ಕೊಡಿಸಿರೆಂದು ಫಕೀರಪ್ಪ ಕಾರ್ಖಾನೆಗೆ ಹೋದ. ಗೇಟನ್ನೇ ದಾಟದ ಹೆಂಗಸಿಗೆ ನಮ್ಮ ಧೂಳು ಹೇಗೆ ಸಿಕ್ಕೀತು ಎಂದು ಹೊಸ ಸಾಹೇಬರು ತಲೆ ಎತ್ತದೆ ಕೇಳಿದರಂತೆ.

ಧೂಳು ಎಲ್ಲಿಂದ ಬಂತೆಂದು ಡಾಕ್ಟರಮ್ಮ ಮನೆಗೇ ಬಂದು ಹುಡುಕಿದರು. ಕೌದಿಯ ಅಂಚು ಬಿಚ್ಚಿದರೆ ನಾನಿದ್ದೆ. ಎದೆಯ ಮೇಲೆ ಹೆಸರಿತ್ತು, ನೂಲಿನ ಸಂದಿಯಲ್ಲಿ ಧೂಳಿತ್ತು. ಉಂಡ ಮನೆಗೆ ಎರಡು ಬಗೆದವನು ನಾನೇ ಎಂದು ಆಗ ತಿಳಿಯಿತು. ನಾಚಿಕೆಯಿಂದ ಸತ್ತೇಹೋದೆ. ಫಕೀರಪ್ಪ ಬೆಂಕಿಪೊಟ್ಟಣ ತಂದ. ದ್ಯಾಮವ್ವ ಅವನ ಕೈ ಹಿಡಿದಳು.

"ಸುಡಬ್ಯಾಡ್ರಿ. ಅದಕ್ಕೇನು ಗೊತ್ತಿತ್ತು? ಮೂಗು ಮುಚ್ಚಿಕೊಂಡು ಕೊಟ್ಟಾರಲ್ಲ, ಅವರಿಗೆ ಗೊತ್ತಿತ್ತು."

ಫಕೀರಪ್ಪ ಕಂಪನಿಯ ಮೇಲೆ ಕೇಸು ಹಾಕಿದ. ಈಗ ನಾನು ಕೋರ್ಟಿನ ಕಪಾಟಿನಲ್ಲಿ, ಮುದ್ರೆ ಒತ್ತಿದ ಪ್ಲಾಸ್ಟಿಕ್ ಚೀಲದೊಳಗಿದ್ದೇನೆ. ನಮ್ಮ ಚೀಲ ಯಾರ ಮನೆಗೂ ಹೋಗಿಲ್ಲ ಎಂದು ಕಂಪನಿಯ ವಕೀಲರು ವಾದಿಸಿದ ದಿನ ನನ್ನನ್ನು ಮೇಜಿನ ಮೇಲೆ ಇಟ್ಟರು. ನ್ಯಾಯಾಧೀಶರು ನನ್ನ ಎದೆಯ ಹೆಸರನ್ನು ಗಟ್ಟಿಯಾಗಿ ಓದಿದರು. ದ್ಯಾಮವ್ವನ ಚಿಕಿತ್ಸೆಗೆ ಕಂಪನಿಯೇ ಹೊಣೆ ಎಂದರು.

ರೊಟ್ಟಿಯ ಪುಡಿ ಇನ್ನೂ ನನ್ನ ಮೂಲೆಯಲ್ಲಿದೆ. ದ್ಯಾಮವ್ವಾ, ನಿನ್ನ ಉಸಿರನ್ನು ತಿರುಗಿ ಕೊಡುವುದು ನನ್ನಿಂದ ಆಗದು. ನಿನ್ನ ಪರವಾಗಿ ಒಂದು ದಿನ ನಿಂತೆ, ಅಷ್ಟೇ.