ಛತ್ರದ ಸುಟ್ಟ ಕಲ್ಲುಗಳು

ಕರಿಕಲ್ಲಿನ ಮೇಲಿಟ್ಟ ದಿಕ್ಸೂಚಿಯ ಮುಳ್ಳು ನಡುಗುತ್ತಲೇ ಇತ್ತು. ಇಂದುಮತಿ ಮೇಡಂ ಅದರ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಮುಳ್ಳು ನಿಲ್ಲುವುದನ್ನು ಕಾಯುತ್ತಿದ್ದರು. ನಮ್ಮೂರ ಗುಡ್ಡವನ್ನು ಹಾಗೆ ಬಗ್ಗಿ ನೋಡಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ತಂಗಲು ಬೇರೆ ಜಾಗವಿಲ್ಲದ್ದರಿಂದ ಅವರು ನಮ್ಮ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ರಜೆಯ ದಿನಗಳಲ್ಲಿ ಅವರೊಡನೆ ಗುಡ್ಡ ಹತ್ತುತ್ತಿದ್ದೆ.

ತಮ್ಮ ಕೆಲಸವೇನೆಂದು ಅವರೇ ಒಮ್ಮೆ ತಿಳಿಸಿ ಹೇಳಿದ್ದರು. ಈ ಕಲ್ಲು ಒಂದು ಕಾಲಕ್ಕೆ ಕುದಿಯುವ ರಸವಾಗಿತ್ತು. ಆರುವಾಗ, ಅಂದಿನ ಉತ್ತರ ದಿಕ್ಕು ಯಾವ ಕಡೆಗಿತ್ತೋ ಅದನ್ನು ಒಳಗಿನ ಕಬ್ಬಿಣದ ಕಣಗಳು ಹಿಡಿದಿಟ್ಟುಕೊಂಡವು. ಯುಗಗಳು ಕಳೆದರೂ ಬಿಟ್ಟುಕೊಟ್ಟಿಲ್ಲ.

"ಮತ್ತೆ ಕೆಂಪಗೆ ಕಾದರೆ ಮಾತ್ರ ಹಳೇದನ್ನು ಬಿಟ್ಟು ಹೊಸದನ್ನು ಹಿಡಿಯುತ್ತೆ," ಎಂದರು. "ಬೆಂಕಿಗೆ ಸಿಕ್ಕಿದ ಕಲ್ಲು ಇಲ್ಲಿ ಎಲ್ಲಾದರೂ ಇದೆಯಾ? ಹೇಗೆ ಸುಟ್ಟಿದ್ದು ಅಂತ ಊರಿಗೆಲ್ಲ ಗೊತ್ತಿರಬೇಕು. ನನ್ನ ವಿಧಾನ ಸರಿಯಿದೆಯಾ ಅಂತ ಅದರಲ್ಲಿ ನೋಡಬಹುದು."

ನಾನು ಅವರನ್ನು ಊರ ಹೊರಗಿನ ಹಳೆಯ ಛತ್ರಕ್ಕೆ ಕರೆದೊಯ್ದೆ. ಅದರ ಅಡುಗೆಮನೆ ಕುಸಿದು ಕಲ್ಲಿನ ಗುಡ್ಡೆಯಾಗಿತ್ತು. ಆ ಕಲ್ಲುಗಳನ್ನು ಮನೆ ಕಟ್ಟಲು ಯಾರೂ ಒಯ್ದಿರಲಿಲ್ಲ; ಸುತ್ತಲೂ ಜಾಲಿ ಬೆಳೆದಿತ್ತು.

"ಒಲಿ ಮ್ಯಾಲಿನ ಎಣ್ಣಿಗೆ ಬೆಂಕಿ ಹತ್ತಿ, ತೊಲಿ ಉರದು, ಆಮ್ಯಾಲೆ ಗ್ವಾಡಿ ಬಿತ್ರಿ," ಎಂದೆ. ಊರು ಹೇಳುತ್ತಿದ್ದುದು ಅದನ್ನೇ.

ಅಲ್ಲಿಯೂ ದಿಕ್ಸೂಚಿಯ ಮುಳ್ಳು ನಡುಗಿ ನಿಂತಿತು. ಅವರು ಒಂದೊಂದು ಕಲ್ಲಿನ ಮೇಲೂ ಗುರುತು ಹಾಕಿ, ಕೊರೆದು, ತುಂಡುಗಳನ್ನು ತೆಗೆದುಕೊಂಡು ಹೋದರು.

ಮಳೆಗಾಲ ಕಳೆದ ಮೇಲೆ ಮರಳಿ ಬಂದವರು ಚೀಲ ಇಳಿಸುವ ಮೊದಲೇ ಕೇಳಿದರು: "ಬೆಂಕಿ ಮೊದಲು, ಗೋಡೆ ಆಮೇಲೆ ಅಂದಿರಲ್ಲ. ಅದನ್ನು ಕಣ್ಣಾರೆ ಕಂಡವರು ಇದ್ದಾರಾ?"

"ಯಾಕ್ರೀ?"

"ಗೋಡೆ ನಿಂತಿದ್ದಾಗ ಸುಟ್ಟಿದ್ದರೆ ಕಲ್ಲುಗಳ ಒಲೆಯ ಕಡೆಯ ಮೈ ಮಾತ್ರ ಕಾಯಬೇಕಿತ್ತು. ಬಿದ್ದಮೇಲೆ ಒಂದೊಂದು ಒಂದೊಂದು ದಿಕ್ಕು ತೋರಿಸಬೇಕಿತ್ತು. ಇವು ಸುತ್ತಲೂ ಕಾದಿವೆ. ಬಿದ್ದ ಜಾಗದಲ್ಲೇ ಆರಿ, ಎಲ್ಲವೂ ಒಂದೇ ಉತ್ತರ ದಿಕ್ಕು ಹಿಡಿದಿವೆ. ನನ್ನದೇ ತಪ್ಪು ಅಂದುಕೊಂಡು ಮತ್ತೆ ಮೊದಲಿನಿಂದ ಮಾಡಿದೆ. ಅದೇ ಬಂತು. ಗೋಡೆ ಮೊದಲು ಬಿದ್ದಿದೆ."

ನಾನು ಅವರಿಗೆ ಹೇಳದೆ ಬಿಟ್ಟಿದ್ದ ಸಂಗತಿಯೊಂದಿತ್ತು. ಆ ಒಲೆ ನಮ್ಮವ್ವನದು. ನನ್ನ ಬಾಲ್ಯದಲ್ಲಿ ಛತ್ರದ ಅಡುಗೆ ಅವಳೇ ಮಾಡುತ್ತಿದ್ದಳು. ಎಣ್ಣೆಯ ಬಾಣಲೆಯನ್ನು ಒಲೆಯ ಮೇಲಿಟ್ಟು ನೀರಿಗೆಂದು ಹಳ್ಳಕ್ಕೆ ಹೋದವಳು ತಿರುಗಿ ಬರುವಷ್ಟರಲ್ಲಿ ಎಲ್ಲ ಉರಿಯುತ್ತಿತ್ತು. ಒಳಗೆ ನಮ್ಮಕ್ಕ ಶಿವಲೀಲಾ ಇದ್ದಳು.

ಊರವರು ಅವ್ವನನ್ನು ಬಯ್ಯಲಿಲ್ಲ. ಬೆಂಕಿಯ ಮಾತು ನಡೆದಾಗ ಅವಳು ಬಂದರೆ ಸುಮ್ಮನಾಗುತ್ತಿದ್ದರು, ಅಷ್ಟೇ ಸಾಕಾಗಿತ್ತು. ಅವ್ವ ಉಣ್ಣುತ್ತಿದ್ದಳು, ಅಂಗಳ ಗುಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅದಕ್ಕಿಂತ ಹೆಚ್ಚಿನದೇನೂ ಅವಳಲ್ಲಿ ಉಳಿದಿರಲಿಲ್ಲ. ಅವಳ ಜೊತೆ ನಾನೂ ಹಾಗೆಯೇ ಬದುಕಲು ಕಲಿತಿದ್ದೆ.

ಎಲ್ಲವನ್ನೂ ಮೇಡಂಗೆ ಹೇಳಿದೆ. ಆಮೇಲೆ ಇಬ್ಬರೂ ಛತ್ರದ ಉಸ್ತುವಾರಿ ನೋಡುತ್ತಿದ್ದ ಚನ್ನಮಲ್ಲಪ್ಪನವರ ಮನೆಗೆ ಹೋದೆವು. ಅವರಿಗೆ ವಯಸ್ಸಾಗಿತ್ತು. ಮೇಡಂ ಹೇಳಿದ್ದನ್ನು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಆ ಗ್ವಾಡಿ ಉಬ್ಬಿತ್ತು, ಖರೇ," ಎಂದರು. "ನಿಮ್ಮವ್ವ ಬಂದು ಹೇಳಿದ್ಲು. ಸುಗ್ಗಿ ಮುಗೀಲಿ, ನೋಡೂಣು ಅಂದಿದ್ದೆ." ಕಣ್ಣು ತೆರೆದು, "ಈಗ ಏನ್ ಮಾಡೂದೈತಿ?" ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಮುಂದೆ ಮೇಡಂ ಅವರ ಆ ಕೆಲಸ ದೂರದೂರದವರೆಗೆ ಹೋಯಿತು. ಪಾಳುಬಿದ್ದ ಕೋಟೆಯೊಂದು ನೆಲ ನಡುಗಿ ಬಿತ್ತೋ, ದಂಡಿನವರು ಹಚ್ಚಿದ ಬೆಂಕಿಗೆ ಬಿತ್ತೋ ಎಂದು ತಿಳಿಯಬೇಕಾದವರು ಅವರ ವಿಧಾನವನ್ನೇ ಹಿಡಿದರಂತೆ. ಅವರಿಗೆ ಸನ್ಮಾನಗಳಾದವು. ಅವರ ಪುಸ್ತಕದಲ್ಲಿ ನಮ್ಮ ಛತ್ರವೂ ಇದೆ: ಒಂದೇ ಕಡೆಗೆ ವಾಲಿದ ಹಲವು ಬಾಣಗಳ ಚಿತ್ರ. ಕೆಳಗೆ ಊರಿನ ಹೆಸರಿಲ್ಲ.

ಆದರೆ ಅಂದು ಸಂಜೆ ನಾವು ಅವ್ವನಿಗೆ ಹೇಳಬೇಕಿತ್ತು. ನನ್ನಿಂದ ಆಗಲಿಲ್ಲ. ಎಲ್ಲರಿಗೂ ಚಹಾ ಮಾಡಿ ತಂದುಕೊಟ್ಟು ಬಾಗಿಲಿಗೊರಗಿ ನಿಂತೆ. ಮೆಂತ್ಯೆಸೊಪ್ಪು ಬಿಡಿಸುತ್ತಿದ್ದ ಅವ್ವನೆದುರು ಮೇಡಂ ನೆಲದ ಮೇಲೆಯೇ ಕೂತರು.

"ಅಮ್ಮಾ, ನಿಮ್ಮ ಒಲೆಯಿಂದ ಗೋಡೆ ಬೀಳಲಿಲ್ಲ. ಗೋಡೆ ಒಲೆಯ ಮೇಲೆ ಬಿದ್ದಿದ್ದಕ್ಕೆ ಬೆಂಕಿ ಹತ್ತಿತು. ಕಲ್ಲುಗಳನ್ನು ಪರೀಕ್ಷೆ ಮಾಡಿದೀನಿ."

ಅವ್ವನ ಕೈ ನಿಲ್ಲಲಿಲ್ಲ. ತನ್ನ ತಪ್ಪಿರಲಿಲ್ಲ ಎಂಬುದು ಅವಳಿಗೆ ತಾಕಿದಂತೆಯೇ ಕಾಣಲಿಲ್ಲ. ಅರ್ಧ ಸೊಪ್ಪು ಮುಗಿದ ಮೇಲೆ ಕೇಳಿದಳು:

"ಗ್ವಾಡಿ ಮೊದ್ಲ ಬಿತ್ತಂದ್ರ, ಆಕಿಗೆ ಬೆಂಕಿ ಗೊತ್ತಾಗಿರಾಕಿಲ್ಲೇನ್ರಿ?"

ಮೇಡಂ ನನ್ನತ್ತ ನೋಡಿದರು. "ಕಲ್ಲು ಅದನ್ನು ಹೇಳೋದಿಲ್ಲಮ್ಮ. ಗೋಡೆ ಮೊದಲು ಬಿತ್ತು ಅನ್ನೋದಷ್ಟೇ ಹೇಳುತ್ತೆ."

"ದೊಡ್ಡ ಗ್ವಾಡಿರಿ ಅದು," ಎಂದಳು ಅವ್ವ. "ಅವ್ವಾ ಅಂತ ಕೂಗ್ಯಾಳ, ನಾ ಹಳ್ಳದಾಗ ಇದ್ದೆ ಅಂತ ದಿನಾ ಅನಸ್ತಿತ್ತು. ಕೂಗಾಕ ಹೊತ್ತ ಸಿಕ್ಕಿರಾಕಿಲ್ಲ."

ಆಮೇಲೆ, ಎಂದೂ ಅಕ್ಕನ ಮಾತೆತ್ತದವಳು, ಆ ದಿನದ ಬೆಳಗನ್ನು ಹೇಳತೊಡಗಿದಳು. ತಲೆ ಬಾಚಿಸಿಕೊಳ್ಳಲು ಅಕ್ಕ ತಕರಾರು ತೆಗೆದದ್ದು. ಒಂದು ಜಡೆ ಬಿಗಿಯಾಗಿ, ಇನ್ನೊಂದು ಸಡಿಲಾಗಿ ಉಳಿದದ್ದು. ರೊಟ್ಟಿಗೆ ಬೆಣ್ಣೆ ಸಾಲದೆಂದು ಮುನಿಸಿಕೊಂಡು, ಮತ್ತೆ ತಾನೇ ಬಂದು ಉಂಡದ್ದು. ಸಂತೆಯ ಸುದ್ದಿ ಹೇಳುವಷ್ಟೇ ಸಪ್ಪೆಯಾದ ದನಿ. ಯಾರ ಕಣ್ಣಲ್ಲೂ ನೀರಿರಲಿಲ್ಲ. ಮೇಡಂ ಕೈಯಲ್ಲಿದ್ದ ಚಹಾದ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿತ್ತು. ಅವರು ಅದನ್ನು ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ.