ತಪಾಸಣೆಯ ದಿನದ ಸ್ಟೂಲು

ನಾನು ಒಂದು ಸ್ಟೂಲು. ನಾಲ್ಕು ಕಬ್ಬಿಣದ ಕಾಲು, ಮೇಲೊಂದು ದುಂಡನೆಯ ಹಲಗೆ, ಇಷ್ಟೇ ನನ್ನ ಮೈ. ಮದ್ದೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಶನಿವಾರ ಬೆಳಿಗ್ಗೆ ಹುಟ್ಟಿದೆ. ನನ್ನ ಜೊತೆಗೇ ಇನ್ನೂ ಹನ್ನೊಂದು ಸ್ಟೂಲುಗಳು ಹುಟ್ಟಿದವು. ನಮ್ಮನ್ನು ಮಾಡಿದ ಖಲಂದರ್ ಸಾಬರಿಗೆ ಆರ್ಡರ್ ಬಂದದ್ದು ಫೋನಿನಲ್ಲಿ. ಸೋಮವಾರದೊಳಗೆ ಹನ್ನೆರಡು ಸ್ಟೂಲು ಬೇಕು ಎಂದರಂತೆ. ಎಷ್ಟೆತ್ತರ ಎಂದು ಸಾಬರೂ ಕೇಳಲಿಲ್ಲ, ಆ ಕಡೆಯವರೂ ಹೇಳಲಿಲ್ಲ. ಟೀ ಅಂಗಡಿಗಳಿಗೆ ಮಾಡುವ ಅಳತೆಯಲ್ಲೇ, ಒಂದೂವರೆ ಅಡಿಗೆ ನಮ್ಮ ಕಾಲು ಕತ್ತರಿಸಿ, ಹಸಿರು ಬಣ್ಣ ಬಳಿದು ಕಳಿಸಿಬಿಟ್ಟರು.

ನಾವು ಹೋದದ್ದು ಹೆದ್ದಾರಿ ಬದಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ. ಅಲ್ಲಿ ಹೊಲಿಯುವವರಿಗೆ ಕುರ್ಚಿ ಇತ್ತು. ಹೊಲಿದ ಅಂಗಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ದಾರದ ಎಳೆ ಕತ್ತರಿಸುವ ಚೆಕ್ಕಿಂಗ್ ಹೆಂಗಸರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಎತ್ತರದ ಟೇಬಲ್ಲಿನ ಮುಂದೆ ನಿಂತೇ ಇರಬೇಕು. ಹೀಗೆ ನಿಂತು ಕೆಲಸ ಮಾಡುವವರಿಗೆ ನಡುವೆ ಕೂರಲು ಆಸನ ಇರಬೇಕು ಎಂದು ಸರ್ಕಾರದ ಕಾನೂನು ಹೇಳುತ್ತದೆ. ನಾವು ಹುಟ್ಟಿದ್ದೇ ಆ ಕಾನೂನಿನ ದೆಸೆಯಿಂದ.

ಸೋಮವಾರ ನಮ್ಮನ್ನು ಹನ್ನೆರಡು ಹೆಂಗಸರ ಹಿಂದೆ ಸಾಲಾಗಿ ಇಟ್ಟರು. ತಪಾಸಣೆಗೆ ಸರ್ಕಾರದ ಇನ್‌ಸ್ಪೆಕ್ಟರ್ ಬಂದರು, ನಮ್ಮನ್ನು ಎಣಿಸಿದರು, ಪುಸ್ತಕದಲ್ಲಿ ಗೀಚಿದರು, ಹೋದರು. ಅವರ ಜೀಪು ಗೇಟು ದಾಟುತ್ತಿದ್ದಂತೆ ಫ್ಲೋರ್ ಇನ್‌ಚಾರ್ಜ್ ರಮಾಕಾಂತ ನಮ್ಮನ್ನು ಎತ್ತಿಸಿ, ಒಂದರ ಮೇಲೊಂದು ಬೋರಲು ಹಾಕಿಸಿ, ಹಗ್ಗದಲ್ಲಿ ಬಿಗಿಸಿ ಮೆಟ್ಟಿಲ ಕೆಳಗೆ ತಳ್ಳಿಸಿದ. ಒಬ್ಬರೂ ಕೂತಿರಲಿಲ್ಲ. ಹಾಗೆಯೇ ಆರು ವರ್ಷ ಕಳೆಯಿತು. ವರ್ಷಕ್ಕೊಮ್ಮೆ ತಪಾಸಣೆಗೆ, ಇನ್ನೊಮ್ಮೆ ಆಯುಧಪೂಜೆಗೆ ನಮಗೆ ಬಿಡುಗಡೆ. ಪೂಜೆಯ ದಿನ ಮೆಷಿನ್ನುಗಳ ಜೊತೆ ನಮಗೂ ಅರಿಶಿನ ಕುಂಕುಮ ಇಡುತ್ತಿದ್ದರು. ಕುಂಕುಮ ಇಟ್ಟ ಮೇಲೆ ಕೂರುವುದೆಲ್ಲಿ ಬಂತು, ಕೈಮುಗಿದು ಹೋಗುತ್ತಿದ್ದರು. ಸ್ಟೂಲಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ, ನೀವೇ ಹೇಳಿ.

ಮೆಟ್ಟಿಲ ಕೆಳಗೇ ಹೆಂಗಸರು ಬುತ್ತಿಚೀಲ ಇಡುತ್ತಿದ್ದುದು, ಮಧ್ಯಾಹ್ನ ನೆಲದ ಮೇಲೆ ಕೂತು ಉಣ್ಣುತ್ತಿದ್ದುದು. ಹಾಗಾಗಿ ನನಗೆ ಎಲ್ಲರ ಕಥೆಯೂ ಗೊತ್ತು. ಅವರೆಲ್ಲ ಸುತ್ತಲ ಹಳ್ಳಿಗಳಿಂದ ಒಂದೇ ವ್ಯಾನಿನಲ್ಲಿ ಬರುವವರು. ಚುನಾವಣೆ ಬಂತೆಂದರೆ ವ್ಯಾನೂ ಮೂರು ಹೋಳು. ಮುಂದಿನ ಸೀಟಿನವರದು ಒಂದು ಪಕ್ಷ, ಹಿಂದಿನ ಸೀಟಿನವರದು ಇನ್ನೊಂದು, ನಿಂತು ಬರುವವರದು ಮತ್ತೊಂದು. ಸಾರಿನ ಬಟ್ಟಲು ಕೂಡ ಆ ತಿಂಗಳು ಗಡಿ ದಾಟುತ್ತಿರಲಿಲ್ಲ.

ಮುಂದಿನ ಸೀಟಿನ ಯಜಮಾನಿ ದೇವೀರಮ್ಮ. ಐವತ್ತರ ಹತ್ತಿರದ ಗಿಡ್ಡ ಹೆಂಗಸು. ಅವಳ ಗಂಡ ಬೋರೇಗೌಡ ಪಕ್ಷದ ಶಾಲನ್ನು ಮೈಮೇಲಿಂದ ತೆಗೆಯುವುದು ಸ್ನಾನಕ್ಕೆ ಮಾತ್ರ. ದೇವೀರಮ್ಮನ ಕಾಲಿನ ನರಗಳು ಹಸಿರಾಗಿ ಗಂಟುಕಟ್ಟಿದ್ದವು. ಊಟವಾದ ಮೇಲೆ ಸೀರೆಯನ್ನು ಮೊಣಕಾಲವರೆಗೆ ಸರಿಸಿ, ನನ್ನ ಪಕ್ಕದ ಗೋಡೆಗೆ ಒರಗಿ, ಬಾಯಿ ಬಿಡದೆ ಕಾಲು ತಿಕ್ಕಿಕೊಳ್ಳುತ್ತಿದ್ದಳು. ಹಗ್ಗ ಕಿತ್ತುಕೊಂಡು ಅವಳ ಬಳಿಗೆ ಉರುಳಿಬಿಡಲೇ ಎಂದು ನನಗೆ ಎಷ್ಟು ಸಲ ಅನಿಸಿದೆಯೋ ಲೆಕ್ಕವಿಲ್ಲ.

ಅವಳ ಪಕ್ಕದಲ್ಲೇ ನಿಲ್ಲುತ್ತಿದ್ದವಳು ಸುಕನ್ಯಾ, ಮೂವತ್ತರ ಹುಡುಗಿ. ಯಾವ ಸೀಟಿಗೂ ಸೇರದ ಇವಳದು ಕೆಂಪು ಬಾವುಟ. ಯೂನಿಯನ್ ಕಟ್ಟಬೇಕೆಂದು ಚೀಟಿ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು.

"ನಂಗೇಳ್‌ಬ್ಯಾಡ ಕಣಮ್ಮಿ," ಎಂದಳು ದೇವೀರಮ್ಮ. "ನಾನು ಮೊದ್ಲಿದ್ದ ಫ್ಯಾಕ್ಟ್ರಿ ಇಂಥ ಬಾವುಟದಿಂದ್ಲೇ ಬಾಗ್ಲಾಕ್ಕಂಡೋಯ್ತು. ಆರು ತಿಂಗ್ಳು ಕೂಲಿಗೋಗಿವ್ನಿ. ಅನ್ನ ಕೊಡೋ ಬಾಗ್ಲಿಗೆ ಕಲ್ಲೊಡೀಬಾರ್ದು."

"ಕಲ್ಲೊಡಿಯಾಕಲ್ಲ ಕಣಕ್ಕ, ಒಸಿ ಕುಂತ್ಕಳಾಕೆ ಕೇಳ್ತಿರಾದು."

"ನಿಂತ್ಕಂಡೇ ಅಭ್ಯಾಸ ಆಗದೆ, ಬುಡು."

ಆ ಮಾತು ಸುಳ್ಳೆಂದು ನನಗೆ ಗೊತ್ತಿತ್ತು. ಹೇಳುವುದಕ್ಕೆ ಬಾಯಿಲ್ಲ.

ಏಳನೇ ವರ್ಷ ತಪಾಸಣೆಗೆ ಬಂದವರು ಹೊಸಬರು, ಒಬ್ಬ ಹೆಂಗಸು. ಯೂನಿಯನ್ನಿನ ಮಾತಿಗೆ ಕಿವಿಗೊಡದವಳು ಎಂದು ರಮಾಕಾಂತ ದೇವೀರಮ್ಮನನ್ನೇ ಸಾಲಿನ ಮೊದಲಿಗೆ ನಿಲ್ಲಿಸಿದ್ದ. ಅವಳ ಹಿಂದೆ ಇದ್ದದ್ದು ನಾನು. ಮೇಡಂ ನಮ್ಮನ್ನು ಎಣಿಸಲಿಲ್ಲ. "ಅಮ್ಮಾ, ಕೂತ್ಕೊಂಡು ಒಂದು ಅಂಗಿ ಚೆಕ್ ಮಾಡಿ ತೋರಿಸಿ," ಎಂದರು.

ದೇವೀರಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ನನ್ನ ಮೇಲೆ ಕೂತಳು. ಹುಟ್ಟಿದ ಮೇಲೆ ನನ್ನ ಮೇಲೆ ಒಬ್ಬರು ಕೂತದ್ದು ಅದೇ ಮೊದಲು. ನನಗಾದ ಸಂತೋಷ ಹೇಳತೀರದು. ಆದರೆ ಮರುಗಳಿಗೆಯೇ ಎಲ್ಲರಿಗೂ ಕಂಡಿತು, ಟೇಬಲ್ಲಿನ ಅಂಚು ಅವಳ ಗದ್ದಕ್ಕೆ ಬಂದು ನಿಂತಿತ್ತು. ಅಂಗಿಯನ್ನು ನೋಡುವುದಿರಲಿ, ಅವಳ ಮುಖ ಬಿಟ್ಟು ಬೇರೇನೂ ಆಚೆಯವರಿಗೆ ಕಾಣುತ್ತಿರಲಿಲ್ಲ. ಆರು ವರ್ಷ ಯಾರೂ ಕೂರದ ಕಾರಣ ನಮ್ಮ ಎತ್ತರ ಯಾರ ತಲೆಗೂ ಹೋಗಿರಲಿಲ್ಲ. ಹಿಂದಿನ ಸೀಟಿನವರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ರಮಾಕಾಂತನ ಮುಖ ಬೆಳ್ಳಗಾಯಿತು.

"ದಿನಾ ಹೀಗೇ ಕೂತ್ಕೊಂಡು ಕೆಲಸ ಮಾಡ್ತೀರಾ?" ಮೇಡಂ ಕೇಳಿದರು.

ಹೌದು ಎನ್ನಬೇಕೆಂದು ಬೆಳಿಗ್ಗೆಯೇ ಹೇಳಿಕೊಟ್ಟಿದ್ದರು. ದೇವೀರಮ್ಮನ ಕಾಲುಗಳು ನನ್ನ ಕಾಲುಗಳಿಗೆ ತಾಗಿಕೊಂಡಿದ್ದವು. ಅವು ನಿಧಾನವಾಗಿ ಸಡಿಲವಾದದ್ದು ನನಗೆ ತಿಳಿಯಿತು.

"ಇಲ್ಲ ಕಣವ್ವ," ಎಂದಳು. "ಆರೊರ್ಸಕ್ಕೆ ಇವತ್ತೇ ಕುಂತಿದ್ದು. ಏಳು ಅನ್‌ಬ್ಯಾಡಿ, ಇನ್ನೊಸಿ ಹೊತ್ತು ಹಿಂಗೇ ಇರ್ತೀನಿ."

ಮೇಡಂ ಅವಳಾಗಿ ಏಳುವವರೆಗೆ ಕಾದು, ಆಮೇಲೆ ಪುಸ್ತಕ ತೆರೆದರು. ಸ್ಟೂಲುಗಳನ್ನು ಅಲ್ಲಿಂದ ತೆಗೆಯಕೂಡದು, ಕೂರುವವರನ್ನು ತಡೆಯಕೂಡದು, ಎತ್ತರವನ್ನು ತಿಂಗಳೊಳಗೆ ಸರಿಪಡಿಸಬೇಕು ಎಂದು ಬರೆದು ಸಹಿ ಹಾಕಿದರು.

ಮಾರನೆಯ ದಿನ ಕೆಲಸ ಶುರುವಾದ ಸ್ವಲ್ಪ ಹೊತ್ತಿಗೆ ದೇವೀರಮ್ಮನಿಗೆ ಆಫೀಸಿನಿಂದ ಕರೆ ಬಂತು. ಹೋದವಳು ಬುತ್ತಿಚೀಲ ತೆಗೆದುಕೊಳ್ಳಲು ಮರಳಿ ಬಂದಳು. ಏನಾಯಿತೆಂದು ಸುಕನ್ಯಾ ಕೇಳಿದಳು.

"ಇನ್ಮೇಲ್ ಬರಾದ್ ಬ್ಯಾಡ ಅಂದ್ರು. ನಗಾಡು ಬಾ, ನಿನ್ ಕಾಲ ಬಂತಲ್ಲ."

ಸುಕನ್ಯಾ ನಗಲಿಲ್ಲ. ದೇವೀರಮ್ಮ ಕಣ್ಣೊರೆಸಿಕೊಂಡು ಗೇಟಿನ ಕಡೆ ಹೋದಳು. ಊರಿಗೆ ವ್ಯಾನು ಹೊರಡುವುದು ಸಂಜೆಗೇ, ಅಲ್ಲಿಯವರೆಗೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿರಬೇಕು. ಅಲ್ಲೂ ಅವಳಿಗೆ ನಿಲ್ಲುವುದೇ ಬಂತು ನೋಡಿ.

ಸುಕನ್ಯಾ ಕೈಯಲ್ಲಿದ್ದ ಕತ್ತರಿಯನ್ನು ಟೇಬಲ್ಲಿನ ಮೇಲಿಟ್ಟು ತನ್ನ ಸ್ಟೂಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ, ನಿನ್ನೆ ನಕ್ಕಿದ್ದ ಹಿಂದಿನ ಸೀಟಿನವಳು ಕೂತಳು. ಆಮೇಲೆ ಮುಂದಿನ ಸೀಟಿನ ಇಬ್ಬರು, ವ್ಯಾನಿನಲ್ಲಿ ನಿಂತು ಬರುವ ನಾಲ್ವರು, ಹೀಗೆ ಎಲ್ಲರೂ. ಹನ್ನೊಂದು ಸ್ಟೂಲಿನ ಮೇಲೆ ಹನ್ನೊಂದು ಜನ. ನಾನೊಂದೇ ಖಾಲಿ.

ಅಂಗಿಗಳು ರಾಶಿ ಬೀಳತೊಡಗಿದವು. ರಮಾಕಾಂತ ಓಡಿಬಂದ. "ಏಳ್ರಮ್ಮ, ಕೆಲಸ ನಿಲ್ಲಿಸಿ ಸ್ಟ್ರೈಕ್ ಮಾಡ್ತಿದ್ದೀರಾ?"

"ಕೆಲ್ಸ ನಿಲ್ಸಿಲ್ಲ ಸಾ," ಎಂದಳು ಸುಕನ್ಯಾ. "ಕುಂತ್ಕಳೋರ್ನ ತಡೀಬ್ಯಾಡಿ ಅಂತ ಮೇಡಮ್ಮೋರು ಬರ್ದೋಗವ್ರೆ. ಕುಂತಿವಿ. ಟೇಬ್ಲು ಎಟುಕ್ತಿಲ್ಲ, ನಾವೇನ್ ಮಾಡಾನ?"

"ಆ ಸ್ಟೂಲು ಯಾಕೆ ಖಾಲಿ?"

"ಅದು ದೇವೀರಕ್ಕಂದು. ಅವ್ರು ಬಂದ್ರೆ ನಾವು ಎದ್ದೇಳ್ತೀವಿ."

ಮಧ್ಯಾಹ್ನದ ಹೊತ್ತಿಗೆ ಲಾರಿಗೆ ಹೋಗಬೇಕಿದ್ದ ಅಂಗಿಗಳು ನೆಲಕ್ಕೆ ಬಿದ್ದಿದ್ದವು. ಮೂರು ಗಂಟೆಗೆ ರಮಾಕಾಂತನೇ ಗೇಟಿಗೆ ಹೋಗಿ ದೇವೀರಮ್ಮನನ್ನು ಕರೆತಂದ. ಅವಳು ಕೂತಿದ್ದವರನ್ನೆಲ್ಲ ಒಮ್ಮೆ ನೋಡಿ, ಕತ್ತರಿ ಕೈಗೆತ್ತಿಕೊಂಡಳು. ಉಳಿದವರೂ ಎದ್ದರು.

ನಮ್ಮನ್ನು ಮತ್ತೆ ಖಲಂದರ್ ಸಾಬರ ಅಂಗಡಿಗೆ ಒಯ್ದರು. "ಅಳತೆ ಕೇಳ್ದೆ ಇದ್ದದ್ದು ನಂದೇ ತಪ್ಪು," ಎಂದು ಅವರು ನಮಗೆ ಒಂದಡಿ ಹೆಚ್ಚು ಕಾಲು ಬೆಸೆದರು. ಆಡಳಿತದವರು ಇದು ತಮ್ಮ ದೊಡ್ಡ ಮನಸ್ಸು ಎಂದು ನೋಟಿಸು ಹಚ್ಚಿದರು. ಬೋರೇಗೌಡನ ಪಕ್ಷದವರು ತಮ್ಮ ನಾಯಕರ ಹೋರಾಟದ ಫಲ ಎಂದು ಬ್ಯಾನರ್ ಕಟ್ಟಿದರು. ಎದುರು ಪಕ್ಷದವರ ಬ್ಯಾನರ್ ಅದಕ್ಕಿಂತ ಎರಡು ಮೊಳ ದೊಡ್ಡದು. ಯಾವುದರಲ್ಲೂ ಸ್ಟೂಲಿನ ಚಿತ್ರವಿರಲಿಲ್ಲ. ಯೂನಿಯನ್ನಿಗೆ ಒಂಬತ್ತು ಜನ ಸೇರಿದರು. ದೇವೀರಮ್ಮ ಸೇರಲಿಲ್ಲ.

ಎಂಟು ವರ್ಷ ಅವಳು ನನ್ನ ಮೇಲೆ ಕೂತಳು, ಆಮೇಲೆ ನಿವೃತ್ತಳಾದಳು. ಹೊಸ ಕುರ್ಚಿಗಳು ಬಂದಾಗ ನಮ್ಮನ್ನು ಗುಜರಿಗೆ ಹಾಕಿದರು. ಆ ರಾಶಿಯಿಂದ ನನ್ನನ್ನು ಮಾತ್ರ ಸುಕನ್ಯಾ ಎತ್ತಿಕೊಂಡು ಬಂದಳು. ಈಗ ನಾನು ಯೂನಿಯನ್ ಆಫೀಸಿನಲ್ಲಿದ್ದೇನೆ. ಆಫೀಸೆಂದರೆ ಸೈಕಲ್ ಶಾಪಿನ ಹಿಂದಿನ ಒಂದು ಕೋಣೆ. ನನ್ನ ಬಣ್ಣ ಹೋಗಿದೆ, ಒಂದು ಕಾಲು ಕುಂಟುತ್ತದೆ. ನನ್ನ ಮೇಲೆ ಎಲ್ಲ ಪಕ್ಷದವರೂ ಕೂತಿದ್ದಾರೆ. ಕೂತಾಗ ಅವರೆಲ್ಲ ಬಿಡುವ ಉಸಿರು ಒಂದೇ ಥರ. ಇಷ್ಟು ಬಿಟ್ಟರೆ ರಾಜಕೀಯ ನನಗೆ ತಿಳಿಯದು.

ಮೊನ್ನೆ ಬಾಗಿಲಲ್ಲಿ ದೇವೀರಮ್ಮ ಬಂದು ನಿಂತಳು. ಈ ಹೊಸ್ತಿಲನ್ನು ಅವಳು ತುಳಿದವಳೇ ಅಲ್ಲ.

"ನನ್ ಸೊಸೆ ಏಳು ತಿಂಗ್ಳ ಬಸ್ರಿ ಕಣಮ್ಮಿ," ಎಂದಳು ಸುಕನ್ಯಾಳಿಗೆ. "ಅವಳ ಫ್ಯಾಕ್ಟ್ರೀಲಿ ಕುಂತ್ಕಳಾಕೆ ಬುಡ್ತಿಲ್ಲ. ಒಂದರ್ಜಿ ಬರ್ಕೊಡು. ಹಂಗಂತ ನನ್ ಓಟು ಬದ್ಲಾಯ್ತು ಅನ್ಕಬ್ಯಾಡ."

"ಓಟು ಯಾರ್ ಕೇಳುದ್ರು, ಮೊದ್ಲು ಕುಂತ್ಕಳಕ್ಕ."

ಸುಕನ್ಯಾ ನನ್ನನ್ನು ಮುಂದಕ್ಕೆಳೆದು ಅವಳನ್ನು ಕೂರಿಸಿದಳು. ಫ್ಯಾಕ್ಟರಿಯಲ್ಲಿ ಟೇಬಲ್ಲಿನ ಕೆಳಗಿನ ಕಂಬಿಯ ಮೇಲೆ ದೇವೀರಮ್ಮ ಕಾಲಿಡುತ್ತಿದ್ದಳು. ಇಲ್ಲಿ ಕಂಬಿಯಿಲ್ಲ, ಊದಿದ ಕಾಲುಗಳು ಗಾಳಿಯಲ್ಲಿ ತೂಗಾಡಿದವು. ಸುಕನ್ಯಾ ಮೂಲೆಯಲ್ಲಿದ್ದ ಕರಪತ್ರಗಳ ಕಟ್ಟನ್ನು ತಂದು ಅವುಗಳ ಕೆಳಗಿಟ್ಟಳು. ದೇವೀರಮ್ಮ ಸರಕ್ಕನೆ ಕಾಲೆತ್ತಿ, ಬಗ್ಗಿ ಆ ಕಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಅಕ್ಸರ ತುಳೀಬಾರ್ದು. ನಿಮ್ ಬಾವುಟದ್ದೇ ಆದ್ರೂವೆ."

ಸುಕನ್ಯಾ ಕಟ್ಟನ್ನು ಪಕ್ಕಕ್ಕಿಟ್ಟಳು. ಅರ್ಜಿಯ ಹಾಳೆಯನ್ನೂ ಪೆನ್ನನ್ನೂ ತೆಗೆದುಕೊಂಡು ನನ್ನ ಬುಡದಲ್ಲಿ ನೆಲದ ಮೇಲೆ ಕೂತಳು. ದೇವೀರಮ್ಮನ ಎರಡೂ ಪಾದಗಳನ್ನು ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಬುಡಮ್ಮಿ, ಯಾರಾರ ನೋಡಾರು."

"ನೋಡ್ಲಿ. ಸೊಸೆ ಹೆಸ್ರೇನು ಹೇಳಕ್ಕ."

ದೇವೀರಮ್ಮ ಹೆಸರು ಹೇಳಿದಳು. ಕಾಲು ಎಳೆದುಕೊಳ್ಳಲಿಲ್ಲ. ಅವಳ ಭಾರವೆಲ್ಲ ಮೆಲ್ಲಗೆ ನನ್ನ ಮೇಲೆ ಇಳಿಯಿತು. ನಾನು ಕುಂಟುವ ಕಾಲನ್ನು ನೆಲಕ್ಕೆ ಊರಿ, ಅಲ್ಲಾಡದೆ ನಿಂತೆ.