ಮಹಾಲಕ್ಷ್ಮಮ್ಮನ ಕ್ಯಾಸೆಟ್ಟಿಗೊಂದು ಬೆಲ್ಟು

ಈ ಕಾಲದಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಸಲು ಹೊರಟವರನ್ನು ಜನ ಯಾವ ಕಣ್ಣಲ್ಲಿ ನೋಡುತ್ತಾರೆ ಅನ್ನುವುದು ರಾಧಾಮಣಿಗೆ ಮಧುಗಿರಿಯ ಮೂರು ಅಂಗಡಿ ಹತ್ತಿಳಿದ ಮೇಲೆ ಗೊತ್ತಾಯಿತು. ಮೊದಲನೆಯವನು ನಕ್ಕ. ಎರಡನೆಯವನು ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ. ಮೂರನೆಯವನಂತೂ "ಮ್ಯೂಸಿಯಮ್ಮಿಗೆ ಕೊಟ್ಬುಡಿ ಮೇಡಂ" ಅಂದ. ಅವನ ಬಾಯಿಗೆ ಮಣ್ಣು ಹಾಕ! ಮಿಡಿಗೇಶಿಯ ಅಂಗನವಾಡಿಯಲ್ಲಿ ಹದಿನೆಂಟು ವರ್ಷದಿಂದ ಮಕ್ಕಳ ಮೂಗು ಒರೆಸಿಕೊಂಡು ಬಂದವಳಿಗೆ ಇಂಥ ಮಾತು ಯಾವ ಲೆಕ್ಕ? ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದಕ್ಕೆ ನಡೆದಳು.

ನಗದೆ ಇದ್ದವನು ಚಿಕ್ಕನರಸಯ್ಯ ಒಬ್ಬನೇ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸತ್ತ ಟಿವಿಗಳ ನಡುವೆ ಕೂತು ನಲವತ್ತು ವರ್ಷದಿಂದ ಬೆಸುಗೆ ಹಾಕುತ್ತಿರುವ ಮುದುಕ. ಮುಚ್ಚಳ ಬಿಚ್ಚಿ, ಚಿಮಟದಲ್ಲಿ ಒಂದು ಕರಿ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ.

"ಇದೇನ್ ಟೀಚರಮ್ಮ, ಬೆಲ್ಟಿನ ಜಾಗದಾಗೆ ಸೈಕಲ್ ಟ್ಯೂಬು!"

"ನಮ್ಮಪ್ಪ ಹಾಕಿದ್ದು. ಪಂಕ್ಚರ್ ಅಂಗಡಿ ಇಟ್ಟಿದ್ರು. ನಾನು ನಾಕು ವರ್ಸದೋಳಿದ್ದಾಗ ಒಳಗಿನ ಬೆಲ್ಟು ಕಿತ್ತೋಯ್ತಂತೆ. ಟ್ಯೂಬ್ ಕತ್ತರಿಸಿ ಉಂಗುರ ಮಾಡಿ ಹಾಕುದ್ರು. ಈಗ ಅದೂ ಹೋಯ್ತು."

"ಬೆಲ್ಟು ನಮ್ತಾವ ಇಲ್ಲ ಕಣಮ್ಮ. ಮೊಬೈಲಲ್ಲಿ ಆರ್ಡರ್ ಹಾಕುದ್ರೆ ಒಂದು ಕಟ್ಟು ಕಳುಸ್ತಾರೆ, ಒಂದೂ ಇದ್ಕೆ ಕೂರಕಿಲ್ಲ, ದುಡ್ಡು ದಂಡ. ಹಳೇ ಸೆಟ್ಟಿನೋರ ತಾವ ಹುಡುಕ್ಬೇಕು." ಅವನು ಒಳಗಿನ ಚಕ್ರಗಳ ಸುತ್ತ ಬಿಳಿ ದಾರವೊಂದನ್ನು ಸುತ್ತಿ, ಒಂದು ಬೆರಳಷ್ಟು ಕಡಿಮೆ ಮಾಡಿ ಗಂಟು ಹಾಕಿ ಅವಳ ಅಂಗೈ ಮೇಲಿಟ್ಟ. "ಈ ಅಳತೇದು ಸಿಕ್ಕುದ್ರೆ ತಗಂಬಾ. ರಬ್ಬರು ಎಳೀತದೆ, ಅದಕ್ಕೇ ಚಿಕ್ಕದು."

ಬೇರೆ ಯಾರದಾದರೂ ಪೆಟ್ಟಿಗೆಗೆ ಕ್ಯಾಸೆಟ್ ಹಾಕಿ ಕೇಳಬಹುದಿತ್ತಲ್ಲ ಅನ್ನುತ್ತೀರಿ. ಕೇಳಬಹುದಿತ್ತು. ಆದರೆ ನಲವತ್ತು ವರ್ಷದ ಟೇಪು; ಕಂಡವರ ಪೆಟ್ಟಿಗೆ ಅದನ್ನು ಸೆಳೆದುಕೊಂಡು ಹರಿದುಬಿಟ್ಟರೆ ತಾಯಿ ಎರಡನೇ ಸಲ ಸತ್ತಂತೆ. ಅವಳಿಗೆ ಅಷ್ಟು ಧೈರ್ಯವಿರಲಿಲ್ಲ.

ಆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಅವಳ ತಾಯಿ ಮಹಾಲಕ್ಷ್ಮಮ್ಮನ ದನಿ. ರಾಧಾಮಣಿಗೆ ಎರಡು ವರ್ಷವಾಗಿದ್ದಾಗ ಕಾಮಾಲೆಯಲ್ಲಿ ಹೋದವಳು. ಮುಖ ನೆನಪಿಲ್ಲ. ಪ್ರತಿ ವರ್ಷ ಹಿರಿಯರ ಹಬ್ಬದ ದಿನ ಎಡೆ ಇಟ್ಟ ಮೇಲೆ ಅಪ್ಪ ಗುಂಡಿ ಒತ್ತುತ್ತಿದ್ದ. ದಪ್ಪನೆಯ, ಎಳೆದೆಳೆದು ಬರುವ ದನಿ. ದಣಿದ ದೊಡ್ಡ ಹೆಂಗಸಿನ ದನಿ. ಒಂದು ಸೋಬಾನೆ ಪದ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಆಮೇಲೆ "ಬ್ಯಾಡಿ... ಬ್ಯಾಡಿ..." ಅನ್ನುವ ಮಾತು. ಆಮೇಲೆ ಏನೋ ಗೊಗ್ಗರು, ಏನೆಂದು ತಿಳಿಯದು. ಕೊನೆಗೆ ಬಿಕ್ಕಿ ಬಿಕ್ಕಿ ಅಳು.

ಹನ್ನೆರಡು ವರ್ಷವಾಗಿದ್ದಾಗ ಒಂದು ಹಬ್ಬದಲ್ಲಿ ಅವಳು ಟೇಪು ಬಿಟ್ಟು ಅಪ್ಪನ ಮುಖ ನೋಡಿದಳು. ಅಮ್ಮ ಅಳುತ್ತಿದ್ದಾಳೆ, ಅಪ್ಪ ನಗುತ್ತಿದ್ದಾನೆ! ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮೀಸೆಯಡಿಯಲ್ಲಿ ನಗುತ್ತಿದ್ದಾನೆ.

ಅವತ್ತಿಗೆ ಮುಗಿಯಿತು. ಹೊಡೆದೋ ಬಡಿದೋ ಅಮ್ಮನನ್ನು ಅಳಿಸಿದ್ದೂ ಅಲ್ಲದೆ, ಅದನ್ನು ವರ್ಷಕ್ಕೊಮ್ಮೆ ಕೇಳಿ ಖುಷಿಪಡುವ ಮನುಷ್ಯ ಅಂತ ಅವಳು ತೀರ್ಮಾನಿಸಿಬಿಟ್ಟಳು. "ಊಟಕ್ಕಿಕ್ಕಿದೀನಿ", "ನೀರು ಬಂತು", ಇಷ್ಟು ಬಿಟ್ಟರೆ ಅವನೊಂದಿಗೆ ಮಾತಿಲ್ಲ. ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸಿದಳು. ಗಂಡಸರ ಬುದ್ಧಿ ಮನೆಯಲ್ಲೇ ಕಂಡಿದ್ದೀನಲ್ಲ ಅಂದುಕೊಂಡಳು. ಹೆಣ್ಣುಮಗಳು ದೊಡ್ಡವಳಾದಳು, ಅದಕ್ಕೇ ದೂರವಾದಳು ಅಂದುಕೊಂಡು ಆ ಮನುಷ್ಯನೂ ಏನೂ ಕೇಳಲಿಲ್ಲ. ಕಳೆದ ಚಳಿಗಾಲದಲ್ಲಿ ಅವನು ಸತ್ತಾಗ ಅವಳ ಕಣ್ಣಲ್ಲಿ ನೀರು ಬರಲಿಲ್ಲ.

ಈಗ ಹಿರಿಯರ ಹಬ್ಬಕ್ಕೆ ಮೂರು ವಾರವಿತ್ತು. ಅಪ್ಪನಿಗೆ ಮೊದಲನೇ ಎಡೆ. ಇಡಬೇಕೋ ಬೇಡವೋ? ಆ ಗೊಗ್ಗರಿನಲ್ಲಿ ಅಮ್ಮ ಏನು ಹೇಳಿ ಅತ್ತಳು ಅನ್ನುವುದು ಗೊತ್ತಾಗದೆ ಆ ಎಲೆಯ ಮುಂದೆ ಕೈಮುಗಿಯಲಾರೆ ಅಂತ ಅವಳು ಹಟ ಹಿಡಿದಳು.

ಮೊದಲ ಭಾನುವಾರ ಶಿರಾಕ್ಕೆ ಹೋದಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಕಾಲಿಗೆ ಚಕ್ರ ಕಟ್ಟಿಕೊಂಡರೂ ಕೇಳುವವರಿಲ್ಲ. ಗುಜರಿ ಅಂಗಡಿಯ ಸಾಬರು ದಾರವನ್ನು ಬೆರಳಿಗೆ ಸುತ್ತಿ ನೋಡಿ ಒಂದು ಡಬ್ಬಿ ಸುರಿದರು. ಒಳಗಿದ್ದ ಬೆಲ್ಟುಗಳೆಲ್ಲ ಕರಗಿ, ಡಾಂಬರಿನ ಹಾಗೆ ಒಂದಕ್ಕೊಂದು ಅಂಟಿದ್ದವು. "ಸಬ್ ಖರಾಬ್ ಆಗೋಯ್ತು ಬೆಹನ್. ವೈ.ಎನ್.ಹೊಸಕೋಟೇಲಿ ದಾಕ್ಷಾಯಣಮ್ಮ ಅಂತ ಅವ್ರೆ. ಯಜಮಾನ್ರದ್ದು ಕ್ಯಾಸೆಟ್ ಅಂಗಡಿ ಇತ್ತು, ಈಗ ಅವರಿಲ್ಲ. ನಸೀಬ್ ಇದ್ರೆ ಅಲ್ಲಿ ಸಿಗ್ತದೆ" ಅಂದರು.

ಮುಂದಿನ ಭಾನುವಾರ ಪಾವಗಡದ ಮೇಲೆ ಹೊಸಕೋಟೆಗೆ ಹೋಗುವ ಬಸ್ಸು. ಬೆಳಗಿನ ಬಿಸಿಲು, ಬಂಡೆಗುಡ್ಡಗಳು, ಹೂ ಬಿಟ್ಟ ಶೇಂಗಾ ಹೊಲ. ಕಿಟಕಿಗೆ ತಲೆ ಆನಿಸಿದ್ದವಳಿಗೆ ಜೊಂಪು ಹತ್ತಿತು. ಪಾವಗಡ ದಾಟಿದ ಮೇಲೆ ಎಲ್ಲೋ ಕಣ್ಣು ಬಿಟ್ಟರೆ, ದೂರದಲ್ಲಿ ಆಕಾಶದಷ್ಟೇ ನೀಲಿಯಾದ ಕೆರೆ, ದಡವೇ ಕಾಣದ ಕೆರೆ. ಈ ಸೀಮೆಯಲ್ಲಿ ಇಷ್ಟು ನೀರೆಲ್ಲಿಂದ ಬಂತು? ಕೆರೆಯ ಆಚೆ ದಡದಿಂದ ಯಾರೋ ದಪ್ಪ ದನಿಯಲ್ಲಿ ಹಾಡುತ್ತಿದ್ದ ಹಾಗೆ, ತಾನು ಕಾಲು ಇಳಿಬಿಟ್ಟು ಕೂತು ಕೇಳುತ್ತಿದ್ದ ಹಾಗೆ ಅನಿಸಿತು. ಪಕ್ಕದ ಅಜ್ಜಿ ಮೊಣಕೈಯಲ್ಲಿ ತಿವಿದು "ನೀಳ್ಳು ಕಾದಮ್ಮಾ, ಸೋಲಾರು" ಅಂದು ಬೊಚ್ಚುಬಾಯಲ್ಲಿ ನಕ್ಕಳು. ನೀರಲ್ಲ, ಬಿಸಿಲು ಹಿಡಿಯುವ ಹಲಗೆಗಳು! ರಾಧಾಮಣಿಗೂ ನಗು ಬಂತು, ಆದರೂ ಕೆರೆ ಕಣ್ಣಿಂದ ಹೋಗಲೊಲ್ಲದು.

ದಾಕ್ಷಾಯಣಮ್ಮ ಹಣೆತುಂಬ ವಿಭೂತಿಯ, ಬಾಯಿತುಂಬ ಮಾತಿನ ಹೆಂಗಸು. "ರಾಮ್ಮಾ, ಕೂಚೋ" ಅಂತ ತೆಲುಗಿನಲ್ಲೇ ಒಳಗೆ ಕರೆದು ಮಣೆ ಹಾಕಿ, ಮಜ್ಜಿಗೆ ಕೊಟ್ಟು, ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಮುಚ್ಚಳ ತೆಗೆದರೆ ಘಮ್ಮೆಂದು ಮುಖದ ಪೌಡರಿನ ವಾಸನೆ. ಡಬ್ಬಿಯ ತುಂಬ ಪೌಡರು, ಅದರೊಳಗೆ ಹೂತ ಬೆಲ್ಟುಗಳು.

"ಪೌಡರಲ್ಲಿಟ್ರೆ ರಬ್ಬರು ಅಂಟಲ್ಲ ಅಂತಿದ್ರು ನಮ್ಮ ಯಜಮಾನ್ರು. ಅವರು ಹೋದ ಮೇಲೂ ವರ್ಷಕ್ಕೊಂದು ಸಲ ನಾನೇ ಪೌಡರ್ ಬದಲಾಯಿಸ್ತೀನಿ. ಯಾರಿಗೆ, ಯಾಕೆ ಅಂತ ಸೊಸೆ ಬೈತಾಳೆ. ನೋಡು, ನೀನು ಬಂದೆಯಲ್ಲ!"

ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಬೆಲ್ಟನ್ನು ದಾರದ ಪಕ್ಕದಲ್ಲಿಟ್ಟು ನೋಡಿದರು. ಹದಿನೇಳನೆಯದೋ ಹದಿನೆಂಟನೆಯದೋ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಸರಿಹೊಂದಿತು. ದುಡ್ಡು ಕೊಡಲು ಹೋದರೆ ದಾಕ್ಷಾಯಣಮ್ಮ ಗದರಿಸುವ ಹಾಗೆ ಕಣ್ಣು ಬಿಟ್ಟರು.

ಸೋಮವಾರ ಅರ್ಧ ದಿನ ರಜೆ ಹಾಕಿ ಅವಳು ಚಿಕ್ಕನರಸಯ್ಯನ ಅಂಗಡಿಯಲ್ಲಿದ್ದಳು. ಅವನು ಬೆಲ್ಟು ಏರಿಸಿ, ಟೇಪು ತಾಗುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ.

ಒಂದು ಹುಡುಗಿ ಹಾಡಿದಳು.

ತೆಳ್ಳನೆಯ, ಚುರುಕಾದ, ಎಳೇ ಸೌತೆಕಾಯಿಯಂಥ ದನಿ. ರಾಧಾಮಣಿ ದಿಗ್ಗನೆ ಎದ್ದಳು. "ನಿಲ್ಸಣ್ಣ! ಇದು ನಮ್ಮವ್ವ ಅಲ್ಲ. ಏನೋ ಕೆಡಿಸ್ಬುಟ್ಟೆ ನೀನು."

"ಕೆಡಿಸಿಲ್ಲ ಕಣಮ್ಮ. ಇಷ್ಟ್ ದಿನ ಕೆಟ್ಟಿತ್ತು. ಆ ಟ್ಯೂಬು ದಪ್ಪ, ಜೊತ್ಗೆ ಸಡಿಲ, ಜಾರ್ತಾ ಜಾರ್ತಾ ನಿಧಾನಕ್ಕೆ ಸುತ್ತೋದು. ಅದ್ಕೇ ದನಿ ದಪ್ಪ ಆಗಿತ್ತು. ನಿಮ್ಮವ್ವ ಮಾತಾಡ್ತಿದ್ದದ್ದೇ ಇಂಗೆ. ಕೂತ್ಕೊ, ಪೂರ್ತಿ ಕೇಳು."

ಅವಳು ಕೂತಳು. ಹುಡುಗಿ ಸೋಬಾನೆಯನ್ನು ಅರ್ಧಕ್ಕೆ ನಿಲ್ಲಿಸಿದಳು. "ಬ್ಯಾಡಿ, ಬ್ಯಾಡಿ ಅಂದ್ನಲ್ಲ! ಅಂಗೆ ಮೀಸೆ ಕುಣಿಸ್ಬ್ಯಾಡಿ, ನಂಗೆ ಹಾಡು ಮರ್ತೋಯ್ತದೆ..." ಅಂದಳು. ಅಷ್ಟರಲ್ಲಿ ತಡೆಯಲಾರದೆ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಕ್ಕದೆ, ಬಿದ್ದು ಬಿದ್ದು ನಕ್ಕಳು. ಟೇಪು ಮುಗಿಯುವವರೆಗೂ ನಕ್ಕಳು.

ಚಿಕ್ಕನರಸಯ್ಯನೂ ನಕ್ಕು ತಲೆ ಎತ್ತಿದರೆ ರಾಧಾಮಣಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಅಮ್ಮನಿಗಾಗಿ ಅಲ್ಲ. ಇಪ್ಪತ್ತೆರಡರ ಈ ಹುಡುಗಿಯ ಎದುರು ಕೂತು ಮೀಸೆ ಕುಣಿಸುತ್ತಿದ್ದ ಅಪ್ಪನಿಗಾಗಿ. ಪೆಟ್ಟಿಗೆ ದನಿಯನ್ನು ಎಷ್ಟೇ ಎಳೆದಾಡಿದರೂ ಅವನ ಕಿವಿಗೆ ಈ ನಗುವೇ ಕೇಳಿಸುತ್ತಿತ್ತು. ಪಕ್ಕದಲ್ಲಿದ್ದ ಮಗಳಿಗೆ ಬೇರೆ ಏನಾದರೂ ಕೇಳಿಸುತ್ತಿರಬಹುದು ಅಂತ ಆ ಪಾಪದ ಮನುಷ್ಯನಿಗೆ ಹೊಳೆಯಲೇ ಇಲ್ಲ. ಒಂದು ಸಲ, ಒಂದೇ ಒಂದು ಸಲ, ಯಾಕಪ್ಪಾ ನಗ್ತೀಯ ಅಂತ ಕೇಳಿದ್ದರೆ ಮುಗಿಯುತ್ತಿತ್ತು.

ಹಬ್ಬದ ದಿನ ಎರಡು ಎಲೆ ಹಾಕಿದಳು. ಸತ್ತವರಿಗೆ ಬದುಕಿದ್ದಾಗ ಪ್ರೀತಿಯಾಗಿದ್ದನ್ನೇ ಬಡಿಸಬೇಕು. ಅಮ್ಮನದು ಸುಲಭ, ಅಪ್ಪ ಪ್ರತಿ ವರ್ಷ ಹೇಳಿ ಹೇಳಿ ಮಾಡಿಸುತ್ತಿದ್ದ, ಕಾಯಿ ಹೋಳಿಗೆ, ಹುರಿಗಡಲೆ ಚಟ್ನಿ. ಅಪ್ಪನ ಎಲೆಯ ಮುಂದೆ ಕೂತಾಗ ಅವಳ ಕೈ ನಿಂತಿತು. ಮೂವತ್ತು ವರ್ಷ ತಾನೇ ಬೇಯಿಸಿ ಹಾಕಿದ ಮನುಷ್ಯ. ಕೊಟ್ಟದ್ದನ್ನು ತಿಂದು ಎದ್ದು ಹೋದ. ಅವನಿಗೆ ಏನಿಷ್ಟ ಅಂತ ಅವಳಿಗೆ ಗೊತ್ತಿರಲಿಲ್ಲ.

ಮುದ್ದೆ, ಅವರೆಕಾಳಿನ ಸಾರು, ಅನ್ನ, ಪಾಯಸ, ವಡೆ, ಅಂಗಡಿಯ ಖಾರಾಬೂಂದಿ, ಒಂದು ಬಾಳೆಹಣ್ಣು, ಒಂದು ಕಟ್ಟು ಬೀಡಿ, ಎಲ್ಲವನ್ನೂ ತಂದು ಬಡಿಸಿದಳು. ಎಲೆಯಲ್ಲಿ ಜಾಗ ಸಾಲದೆ ನೆಲಕ್ಕೆ ಚೆಲ್ಲಿತು.

"ಯಾವ್ದು ಬೇಕೋ ಅದ್ನ ತಿನ್ನಪ್ಪ" ಅಂದಳು. "ನಂಗೊತ್ತಿಲ್ಲ."